ಅಪ್ಪ ಓದದೇ ಹೋದ ನಿಯಮ

ಅಪ್ಪನ ಅಂತ್ಯಕ್ರಿಯೆಯ ಪೂಜೆಯಲ್ಲಿ ಪರಮಪ್ರಸಾದ ಕೊಡುವ ಹೊತ್ತಿಗೆ ಎಲ್ಲರೂ ಎದ್ದು ಸಾಲಿನಲ್ಲಿ ನಿಂತರು. ಅಣ್ಣ ಮಾತ್ರ ಏಳಲಿಲ್ಲ. ಮೊದಲ ಬೆಂಚಿನಲ್ಲಿ, ಪೆಟ್ಟಿಗೆಯ ಪಕ್ಕದಲ್ಲೇ ಕೂತಿದ್ದ. ಅವನನ್ನು ದಾಟಿಕೊಂಡೇ ಎಲ್ಲರೂ ಮುಂದೆ ಹೋಗಬೇಕಿತ್ತು. ಚಿಕ್ಕಪ್ಪ ದಾಟಿದರು, ಸೋದರತ್ತೆ ದಾಟಿದರು, ನಾನೂ ದಾಟಿದೆ. ಅಣ್ಣ ಕಾಲು ಒಳಗೆ ಎಳೆದುಕೊಂಡು ಎಲ್ಲರಿಗೂ ಜಾಗ ಮಾಡಿಕೊಡುತ್ತಿದ್ದ. ವಾಪಸ್ ಬರುವಾಗ ಅಮ್ಮ ಅವನ ಪಕ್ಕ ನಿಂತು ಒಂದು ಕ್ಷಣ ಅವನ ತಲೆ ಮೇಲೆ ಕೈ ಇಟ್ಟರು. ಆಮೇಲೆ ತಮ್ಮ ಜಾಗಕ್ಕೆ ಹೋಗಿ ಕೂತರು.

ಅವತ್ತು ನನಗೆ ಅಪ್ಪ ಹೋದ ದುಃಖಕ್ಕಿಂತ ಸಿಟ್ಟು ಜಾಸ್ತಿ ಇತ್ತು. ಸಿಟ್ಟು ಯಾರ ಮೇಲೆ ಅಂತ ಕೇಳಿದ್ದರೆ 'ನಿಯಮದ ಮೇಲೆ' ಅಂತ ಹೇಳ್ತಿದ್ದೆ.

ಕ್ಯಾಥೊಲಿಕ್ಕರಲ್ಲದ ಓದುಗರಿಗೆ ಸ್ವಲ್ಪ ವಿವರ ಹೇಳಬೇಕು. ನಮ್ಮಲ್ಲಿ ಒಬ್ಬ ಕ್ಯಾಥೊಲಿಕ್ ಮದುವೆಯಾದರೆ ಅದು ಚರ್ಚಿನ ಕ್ರಮದಲ್ಲಿ, ಗುರುಗಳ ಮುಂದೆ, ಸಾಕ್ಷಿಗಳ ಎದುರು ಆಗಬೇಕು. ಹಾಗಾಗದೆ ಬರೀ ರಿಜಿಸ್ಟರ್ ಮದುವೆ ಆದರೆ ಸರ್ಕಾರದ ಲೆಕ್ಕದಲ್ಲಿ ಮದುವೆ, ಚರ್ಚಿನ ಲೆಕ್ಕದಲ್ಲಿ ಅಲ್ಲ. ಹಾಗೆ ಇರುವವರು ಪೂಜೆಗೆ ಬರಬಹುದು, ಪ್ರಾರ್ಥಿಸಬಹುದು, ಆದರೆ ಪರಮಪ್ರಸಾದ ಸ್ವೀಕರಿಸುವ ಹಾಗಿಲ್ಲ. ಅಣ್ಣ ನಾಲ್ಕು ವರ್ಷದ ಹಿಂದೆ ವಿಶೇಷ ವಿವಾಹ ಕಾಯ್ದೆಯಡಿ ರಿಜಿಸ್ಟರ್ ಮದುವೆಯಾಗಿದ್ದ. ಅತ್ತಿಗೆ ಹಿಂದೂ.

ಅಪ್ಪ ರೈಲ್ವೆಯವರು. ಅಶೋಕಪುರಂ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿ ಸೇರಿ ಅಲ್ಲೇ ನಿವೃತ್ತರಾದರು. ಊರು ಕೆ.ಆರ್. ನಗರದ ಕಡೆ, ದೋರನಹಳ್ಳಿಗೆ ಹತ್ತಿರ. ಅಳತೆ ಅಂದ್ರೆ ಅಳತೆ, ಟೈಮ್ ಅಂದ್ರೆ ಟೈಮ್. ಭಾನುವಾರ ಬೆಳಗಿನ ಪೂಜೆಗೆ ಗಂಟೆ ಹೊಡೆಯುವ ಹತ್ತು ನಿಮಿಷ ಮೊದಲೇ ನಾವು ಬೆಂಚಿನಲ್ಲಿರಬೇಕು. ಚಿಕ್ಕಂದಿನಲ್ಲಿ 'ಇಷ್ಟೆಲ್ಲ ರೂಲ್ಸ್ ಯಾಕಪ್ಪಾ' ಅಂತ ಕೇಳಿದರೆ ಒಂದೇ ಉತ್ತರ: 'ರೈಲ್ವೆ ರೂಲ್ ಬುಕ್ಕಿನಲ್ಲಿ ಒಂದೊಂದು ಸಾಲಿನ ಹಿಂದೆಯೂ ಒಂದೊಂದು ಆಕ್ಸಿಡೆಂಟ್ ಇದೆ. ಯಾರೋ ಸತ್ತಿದ್ದಾರೆ, ಅದಕ್ಕೇ ಆ ಸಾಲು ಬಂದಿದೆ. ಸುಮ್ಮನೆ ಯಾರೂ ಬರೆಯಲ್ಲ.'

ಅಣ್ಣ ತನ್ನ ಜೊತೆ ಓದಿದ ಹುಡುಗಿಯನ್ನು ಇಷ್ಟಪಟ್ಟಿದ್ದು ಮನೆಯಲ್ಲಿ ಮೊದಲು ಗೊತ್ತಾಗಿದ್ದು ನನಗೆ. 'ಅಪ್ಪನಿಗೆ ಹೇಳೋ' ಅಂದರೆ 'ಇವತ್ತು ಬೇಡ, ನಾಳೆ' ಅಂತ ಮುಂದೂಡುತ್ತಲೇ ಇದ್ದ. ರಿಜಿಸ್ಟರ್ ಮದುವೆಗೆ ಅರ್ಜಿ ಹಾಕಿದ ಮೇಲೆ ಮೂವತ್ತು ದಿನ ನೋಟಿಸ್ ಹಾಕುತ್ತಾರಲ್ಲ, ಆಕ್ಷೇಪಣೆ ಇದ್ದವರು ಹೇಳಲಿ ಅಂತ? ಆ ನೋಟಿಸನ್ನು ಯಾವುದೋ ಜಾಗದ ಕೆಲಸಕ್ಕೆ ಹೋಗಿದ್ದ ನಮ್ಮ ಸಂಬಂಧಿಕರೊಬ್ಬರು ನೋಡಿದರು. ಫೋಟೊ ತೆಗೆದು ಅಪ್ಪನಿಗೆ ವಾಟ್ಸ್ಆ್ಯಪ್ ಮಾಡಿದರು. ಮಗನ ಮದುವೆ ಸುದ್ದಿ ಅಪ್ಪನಿಗೆ ಹಾಗೆ ಬಂತು.

ಅವತ್ತು ರಾತ್ರಿ ಮನೆಯಲ್ಲಿ ಕೂಗಾಟ ಏನೂ ನಡೀಲಿಲ್ಲ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: 'ಆ ಹುಡುಗಿ ದೀಕ್ಷಾಸ್ನಾನ ತಗೋತಾಳಾ?' ಅಣ್ಣ ಹೇಳಿದ, 'ಇಲ್ಲ. ನಾನು ಕೇಳೋದೂ ಇಲ್ಲ.' ಅಪ್ಪ ಹೇಳಿದರು, 'ಹಾಗಾದ್ರೆ ಚರ್ಚಲ್ಲಿ ಮದುವೆ ಆಗಲ್ಲ. ಚರ್ಚಲ್ಲಿ ಆಗದ ಮದುವೆಗೆ ನಾನು ಬರಲ್ಲ.' ಅಣ್ಣ 'ಸರಿ' ಅಂದ. ಅಷ್ಟೇ ಮಾತು.

ನಾಲ್ಕು ವರ್ಷ ಅಷ್ಟೇ ಮಾತು. ನಮ್ಮ ಮನೆ ಬನ್ನಿಮಂಟಪದ ಹತ್ತಿರ, ಅಣ್ಣನದು ವಿಜಯನಗರದಲ್ಲಿ. ಸ್ಕೂಟರ್‌ನಲ್ಲಿ ಇಪ್ಪತ್ತು ನಿಮಿಷದ ದಾರಿ. ಅಮ್ಮ ಕ್ರಿಸ್ಮಸ್‌ಗೆ ಮಾಡಿದ ಕಜ್ಜಾಯ, ಚಕ್ಕುಲಿಯನ್ನು ಡಬ್ಬಿಗೆ ತುಂಬಿ ನನ್ನ ಕೈಲಿ ಕಳಿಸೋರು. ಖಾಲಿ ಡಬ್ಬಿ ಸಂಕ್ರಾಂತಿಗೆ ಎಳ್ಳು ಬೆಲ್ಲ ತುಂಬಿಕೊಂಡು ವಾಪಸ್ ಬರೋದು. ಅಪ್ಪ ಆ ಎಳ್ಳು ಬೆಲ್ಲ ತಿನ್ನೋರು, ಎಲ್ಲಿಂದ ಬಂತು ಅಂತ ಕೇಳ್ತಿರಲಿಲ್ಲ. ಮೊಮ್ಮಗಳು ಹುಟ್ಟಿದಾಗ ಫೋಟೊ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಫೋನು ವಾಪಸ್ ಕೊಟ್ಟರು.

ಹೋದ ವರ್ಷ ಫೆಬ್ರವರಿಯಲ್ಲಿ ಅಪ್ಪನಿಗೆ ಪಾರ್ಶ್ವವಾಯು ಆಯಿತು. ಬಲಭಾಗ ಮತ್ತು ಮಾತು ಎರಡೂ ಹೋದವು. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದರು. ಹಗಲು ನಾನು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದೆ, ರಾತ್ರಿ ಅಣ್ಣ. ಮೊದಲ ರಾತ್ರಿ ಅಣ್ಣ ಒಳಗೆ ಬಂದಾಗ ಅಪ್ಪ ಎಡಗೈ ಎತ್ತಿದರು. ಬಾ ಅಂತಲೋ ಹೋಗು ಅಂತಲೋ ಯಾರಿಗೂ ಗೊತ್ತಾಗಲಿಲ್ಲ. ಅಣ್ಣ ಬಾ ಅಂತಲೇ ಅಂದುಕೊಂಡು ಹತ್ತಿರ ಹೋದ. ಆಮೇಲಿನ ದಿನಗಳಲ್ಲಿ ಅಪ್ಪನಿಗೆ ಶೇವ್ ಮಾಡುತ್ತಿದ್ದುದು ಅವನೇ.

ಆ ಹನ್ನೊಂದು ದಿನದಲ್ಲಿ ಒಂದು ಸಣ್ಣ ಘಟನೆ ನಡೆಯಿತು. ಒಂದು ಬೆಳಗ್ಗೆ ನಮ್ಮ ಧರ್ಮಕೇಂದ್ರದ ಫಾದರ್ ಅಪ್ಪನಿಗೆ ಪರಮಪ್ರಸಾದ ತಂದಿದ್ದರು. ನನಗೂ ಕೊಡಲು ಬಂದರು. ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆ ಏನೂ ತಿನ್ನಬಾರದು, ನೀರು ಮತ್ತು ಔಷಧಿ ಬಿಟ್ಟು ಏನೂ ಕುಡಿಯಬಾರದು ಅಂತ ನಿಯಮ. ನಾನು ಹತ್ತು ನಿಮಿಷದ ಹಿಂದೆ ಕ್ಯಾಂಟೀನಿನಲ್ಲಿ ಟೀ ಕುಡಿದಿದ್ದೆ.

'ಬೇಡ ಫಾದರ್, ಈಗಷ್ಟೇ ಟೀ ಕುಡಿದೆ.'

'ರೋಗಿನ ನೋಡ್ಕೊಳ್ಳೋರಿಗೆ ಆ ನಿಯಮ ಇಲ್ಲಮ್ಮ' ಅಂದರು.

ನನ್ನ ಮೇಲೆ ಕನಿಕರದಿಂದ ಹಾಗೆ ಹೇಳ್ತಿದ್ದಾರೆ ಅಂದುಕೊಂಡೆ. ರಾತ್ರಿಯೆಲ್ಲ ನಿದ್ದೆ ಇಲ್ಲದ ಮುಖ ನೋಡಿ ಯಾರಾದರೂ ಹಾಗೇ ಹೇಳುತ್ತಾರೆ. ಸ್ವೀಕರಿಸಿದೆ, ಆದರೆ ಒಳಗೆ ಏನೋ ತಪ್ಪು ಮಾಡಿದ ಹಾಗೆ ಇತ್ತು.

ಹನ್ನೆರಡನೇ ದಿನ ಅಪ್ಪ ತೀರಿಕೊಂಡರು. ಅಂತ್ಯಕ್ರಿಯೆಯ ಪೂಜೆ, ಅಣ್ಣ ಕೂತೇ ಇದ್ದದ್ದು, ಅಮ್ಮ ತಲೆ ಮುಟ್ಟಿದ್ದು, ಎಲ್ಲ ಮೊದಲೇ ಹೇಳಿದ್ದೇನೆ.

ಏಳನೇ ದಿನದ ಪೂಜೆ ಮುಗಿದ ಮೇಲೆ ನಾನು ಫಾದರ್ ಆಫೀಸಿಗೆ ಹೋದೆ. ಹೋಗುವಾಗಲೇ ಜಗಳ ಮಾಡುವ ತಯಾರಿಯಲ್ಲಿದ್ದೆ. 'ಬೇರೆ ಧರ್ಮದವಳು ಅನ್ನೋ ಒಂದೇ ಕಾರಣಕ್ಕೆ ನಮ್ಮಪ್ಪ ಮಗನನ್ನ ಬಿಟ್ರು ಫಾದರ್. ಆ ಹುಡುಗಿ ಮತಾಂತರ ಆಗಲ್ಲ ಅಂದಿದ್ದಕ್ಕೆ. ಇಂಥ ನಿಯಮದಿಂದ ದೇವರಿಗೆ ಏನು ಸಿಗುತ್ತೆ?' ಅಂತ ಕೇಳಿದೆ.

ಅವರು ನಡುವೆ ಬಾಯಿ ಹಾಕಲಿಲ್ಲ. ನನ್ನದೆಲ್ಲ ಮುಗಿದ ಮೇಲೆ ಹೇಳಿದರು, 'ಮತಾಂತರ ಆಗಲೇಬೇಕು ಅನ್ನೋ ನಿಯಮ ಇಲ್ವಲ್ಲಮ್ಮ.'

ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದು ನನ್ನ ಮುಂದಿಟ್ಟರು. ಧರ್ಮಸಭೆಯ ಕಾನೂನು ಸಂಹಿತೆ, ಇಂಗ್ಲಿಷ್ ಅನುವಾದ. ಈಗ ಚಾಲ್ತಿಯಲ್ಲಿರುವುದು 1983ರದ್ದು, ಒಟ್ಟು 1752 ವಿಧಿಗಳು. ಅದರಲ್ಲಿ 1086ನೇ ವಿಧಿ ಓದು ಅಂದರು. ಕ್ಯಾಥೊಲಿಕ್ ಮತ್ತು ದೀಕ್ಷಾಸ್ನಾನ ಪಡೆಯದ ವ್ಯಕ್ತಿಯ ಮದುವೆಗೆ ಅಡ್ಡಿ ಇದೆ ಅಂತ ಅದು ಹೇಳುತ್ತೆ, ನಿಜ. ಆದರೆ ಅದೇ ವಿಧಿಯಲ್ಲಿ ಆ ಅಡ್ಡಿಯಿಂದ ವಿನಾಯಿತಿ ಕೊಡುವ ದಾರಿಯೂ ಇದೆ. ಧರ್ಮಾಧ್ಯಕ್ಷರಿಗೆ ಅರ್ಜಿ ಹಾಕಬೇಕು. ವಿನಾಯಿತಿ ಸಿಕ್ಕರೆ ಚರ್ಚಿನಲ್ಲೇ ಮದುವೆ ಮಾಡಬಹುದು. ಹಿಂದೂ ಹುಡುಗಿ ಹಿಂದೂವಾಗಿಯೇ ಇರಬಹುದು.

'ಇಂಥ ಅರ್ಜಿ ನಾನೇ ಎಷ್ಟೋ ಸಲ ಕಳಿಸಿದ್ದೀನಿ' ಅಂದರು ಫಾದರ್.

ನಾನು ಆ ಪುಟವನ್ನು ಮೂರು ಸಲ ಓದಿದೆ. ಅಪ್ಪ ನಾಲ್ಕು ವರ್ಷ ಮಗನ ಜೊತೆ ಮಾತು ಬಿಟ್ಟಿದ್ದು ಪುಸ್ತಕದಲ್ಲಿ ಇಲ್ಲದ ನಿಯಮಕ್ಕೆ.

ಅಪ್ಪನಿಗೆ ಹಾಗೆ ಯಾರು ಹೇಳಿದ್ದರು? ಬಹುಶಃ ಯಾರೂ ಹೇಳಿರಲಿಕ್ಕಿಲ್ಲ. ಅವರು ಬೆಳೆದ ಊರಿನಲ್ಲಿ ಹೊರಗಿನಿಂದ ಮದುವೆಯಾಗಿ ಬಂದವರೆಲ್ಲ ಮೊದಲು ದೀಕ್ಷಾಸ್ನಾನ ಪಡೆದೇ ಬಂದಿದ್ದರು. ಕಣ್ಣಿಗೆ ಕಂಡ ರೂಢಿಯನ್ನೇ ಅವರು ನಿಯಮ ಅಂತ ತಿಳಿದಿದ್ದರು. ಅಣ್ಣನೂ ಹಾಗೇ ತಿಳಿದಿದ್ದ. ನಾನೂ. ಮನೆಯಲ್ಲಿ ಇಬ್ಬರು ಎಂಜಿನಿಯರ್‌ಗಳು, ಒಬ್ಬ ರೈಲ್ವೆ ಫಿಟ್ಟರ್, ಎಲ್ಲರೂ ಮ್ಯಾನ್ಯುಯಲ್ ಓದಿ ಕೆಲಸ ಮಾಡುವವರೇ. ಈ ಒಂದು ವಿಷಯದಲ್ಲಿ ಯಾರೂ ಪುಸ್ತಕ ತೆಗೆದು ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ.

ಆ ಪುಸ್ತಕವನ್ನು ಕೇಳಿ ಮನೆಗೆ ತಂದೆ. ಮೊದಲು ಹುಡುಕಿದ್ದು ಆಸ್ಪತ್ರೆಯ ಟೀ ವಿಷಯ. 919ನೇ ವಿಧಿಯಲ್ಲಿ ಸಿಕ್ಕಿತು. ವಯಸ್ಸಾದವರು, ಕಾಯಿಲೆಯವರು, ಮತ್ತು ಅವರನ್ನು ನೋಡಿಕೊಳ್ಳುವವರು ಒಂದು ಗಂಟೆಯೊಳಗೆ ಏನಾದರೂ ತಿಂದಿದ್ದರೂ ಪರಮಪ್ರಸಾದ ಸ್ವೀಕರಿಸಬಹುದು. ಫಾದರ್ ಅವತ್ತು ಹೇಳಿದ್ದು ಬರೀ ಕನಿಕರದ ಮಾತಾಗಿರಲಿಲ್ಲ. ಇಡೀ ರಾತ್ರಿ ಕಾದು ಕೂತವರಿಗೆ ಬೆಳಗ್ಗೆ ಒಂದು ಲೋಟ ಟೀ ಬೇಕಾಗುತ್ತದೆ ಅನ್ನೋದನ್ನು ಯಾರೋ ಯೋಚಿಸಿ ಕಾನೂನಿನಲ್ಲೇ ಬರೆದಿಟ್ಟಿದ್ದರು. ಅವತ್ತು ರಾತ್ರಿ ಅದನ್ನು ಓದಿ ನಾನು ಅತ್ತೆ. ಅಪ್ಪ ಹೋದ ಮೇಲೆ ನಾನು ಸರಿಯಾಗಿ ಅತ್ತಿದ್ದು ಆಗಲೇ.

ಅಜ್ಜಿಯ ಕಾಲದಲ್ಲಿ ಈ ನಿಯಮ ಇನ್ನೂ ಕಠಿಣವಾಗಿತ್ತು. ಮಧ್ಯರಾತ್ರಿಯಿಂದ ಹನಿ ನೀರೂ ಕುಡಿಯುವಂತಿರಲಿಲ್ಲ. ಬೆಳಗ್ಗೆ ಹೊಲದ ಬದುವಿನ ಮೇಲೆ ನಡೆದು, ಹಸಿದ ಹೊಟ್ಟೆಯಲ್ಲೇ ಪೂಜೆಗೆ ಹೋಗುತ್ತಿದ್ದರಂತೆ. 1953ರಲ್ಲಿ ನೀರಿಗೆ ಅನುಮತಿ ಬಂತು, 1957ರಲ್ಲಿ ಉಪವಾಸ ಮೂರು ಗಂಟೆಗೆ ಇಳಿಯಿತು, 1964ರಲ್ಲಿ ಒಂದು ಗಂಟೆಗೆ. ತಪಸ್ಸುಕಾಲದ ಉಪವಾಸಕ್ಕೂ ವಯಸ್ಸಿನ ಮಿತಿ ಇದೆ: ಹದಿನೆಂಟು ತುಂಬಿದ ಮೇಲೆ ಶುರು, ಐವತ್ತೊಂಬತ್ತು ತುಂಬಿದ ಮೇಲೆ ಕಡ್ಡಾಯವಿಲ್ಲ. ಅಮ್ಮನಿಗೆ ಅರವತ್ಮೂರು, ಶುಗರ್ ಬೇರೆ. ಶುಭ ಶುಕ್ರವಾರ ಉಪವಾಸ ಇದ್ದು ತಲೆಸುತ್ತಿ ಕೂತವರು. 'ನಿನಗೆ ಈ ನಿಯಮ ಇಲ್ಲಮ್ಮ' ಅಂತ ಪುಟ ತೋರಿಸಿದೆ. 'ಗೊತ್ತು ಕಣೇ' ಅಂದರು. 'ಗೊತ್ತಿದ್ದೂ?' ಅಂದೆ. 'ನಿಮ್ಮಣ್ಣ ಮನೆಗೆ ಬರಲಿ ಅಂತ ಇದ್ದೆ. ಅದಕ್ಕೂ ನಿನ್ನ ಪುಸ್ತಕಕ್ಕೂ ಏನು ಸಂಬಂಧ?' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನನ್ನ ಕೆಲಸದಲ್ಲಿ ಹಳೆಯ ಕೋಡ್ ಜೊತೆ ದಿನಾ ಒದ್ದಾಟ. ಸೇರಿದ ಮೊದಲ ವರ್ಷ ಒಂದು ಹಳೆಯ ಮಾಡ್ಯೂಲಿನಲ್ಲಿ ಅರ್ಥವಿಲ್ಲದ ಒಂದು ಕಂಡೀಷನ್ ಕಂಡಿತ್ತು. ಅಳಿಸಲು ಹೋದೆ. ನನ್ನ ಸೀನಿಯರ್ ತಡೆದರು. 'ಯಾಕೆ ಬರೆದಿದ್ದಾರೆ ಅಂತ ಹಿಸ್ಟರಿ ನೋಡು. ಕಾರಣ ಗೊತ್ತಾದ ಮೇಲೂ ಬೇಡ ಅನ್ನಿಸಿದ್ರೆ ಆಗ ಅಳಿಸು.' ಅದೇ ಬುದ್ಧಿಯಲ್ಲಿ ಈ ಮದುವೆ ನಿಯಮದ ಹಿಸ್ಟರಿ ಹುಡುಕಿದೆ. ಗುರುಗಳ ಮುಂದೆ, ಸಾಕ್ಷಿಗಳ ಎದುರೇ ಯಾಕೆ ಆಗಬೇಕು? ಗಂಡು ಹೆಣ್ಣು ಒಪ್ಪಿದರೆ ಸಾಲದೇ?

ಮೊದಲು ಅಷ್ಟೇ ಸಾಕಾಗುತ್ತಿತ್ತಂತೆ. ಯುರೋಪಿನಲ್ಲಿ ನೂರಾರು ವರ್ಷ ಗಂಡು ಹೆಣ್ಣು ಪರಸ್ಪರ ಒಪ್ಪಿ ಮಾತು ಕೊಟ್ಟರೆ ಅದೇ ಮದುವೆ. ಗುರುಗಳು, ಸಾಕ್ಷಿಗಳು ಇಲ್ಲದಿದ್ದರೂ ಸಿಂಧು. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಗುಟ್ಟಾಗಿ ಮದುವೆಯಾದವನು ನಾಲ್ಕು ದಿನ ಬಿಟ್ಟು 'ನಾನು ಮಾತೇ ಕೊಟ್ಟಿಲ್ಲ' ಅಂತ ಇನ್ನೊಬ್ಬಳನ್ನು ಎಲ್ಲರೆದುರು ಮದುವೆಯಾದರೆ? ಮೊದಲನೆಯವಳ ಹತ್ತಿರ ಸಾಕ್ಷಿಯೇ ಇಲ್ಲ. ಇಂಥ ದೂರುಗಳು ಬಂದೂ ಬಂದೂ, 1215ರ ಲ್ಯಾಟರನ್ ಮಹಾಸಭೆ ಮದುವೆಗೆ ಮುಂಚೆ ಚರ್ಚಿನಲ್ಲಿ ಪ್ರಕಟಣೆ ಓದಬೇಕು ಅಂತ ಮಾಡಿತು. ಅದೂ ಸಾಲದೆ 1563ರಲ್ಲಿ ಟ್ರೆಂಟ್ ಮಹಾಸಭೆ ಧರ್ಮಕೇಂದ್ರದ ಗುರುಗಳು ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳಿಲ್ಲದ ಮದುವೆ ಸಿಂಧುವಲ್ಲ ಅಂತ ಕಟ್ಟಳೆ ಮಾಡಿತು. 1908ರಿಂದ ಅದು ಜಗತ್ತಿನ ಬಹುತೇಕ ಕಡೆ ಒಂದೇ ರೀತಿ ಜಾರಿಗೆ ಬಂತು.

ಅಂದರೆ ಅಪ್ಪ ಹೇಳುತ್ತಿದ್ದುದು ಸರಿ. ಈ ಸಾಲಿನ ಹಿಂದೆಯೂ ಆಕ್ಸಿಡೆಂಟ್ ಇತ್ತು. ಮಾತು ನಂಬಿ ಮೋಸ ಹೋದ ಹೆಂಗಸರು ಇದ್ದರು.

ನಮ್ಮ ದೇಶದ 1954ರ ವಿಶೇಷ ವಿವಾಹ ಕಾಯ್ದೆ ಕೂಡ ಇದನ್ನೇ ಮಾಡುತ್ತದೆ ಅಂತ ಆಗ ಹೊಳೆಯಿತು. ಚರ್ಚಿನಲ್ಲಿ ಪ್ರಕಟಣೆ, ಅಲ್ಲಿ ಮೂವತ್ತು ದಿನದ ನೋಟಿಸ್. ಇಲ್ಲಿ ಇಬ್ಬರು ಸಾಕ್ಷಿ, ಅಲ್ಲಿ ಮೂವರು. ಇಲ್ಲಿ ಗುರುಗಳು, ಅಲ್ಲಿ ವಿವಾಹ ಅಧಿಕಾರಿ. ಈಗಾಗಲೇ ಮದುವೆಯಾದವನು ಇನ್ನೊಬ್ಬಳಿಗೆ ಮೋಸ ಮಾಡದಿರಲಿ ಅಂತ ಇರುವ ನೋಟಿಸು. ಅದೇ ನೋಟಿಸು ನಮ್ಮ ಮನೆಯಲ್ಲಿ ಅಣ್ಣನ ಗುಟ್ಟನ್ನು ಅಪ್ಪನ ಫೋನಿಗೆ ತಲುಪಿಸಿತು. ಮನೆಯವರ ಹೆದರಿಕೆಯಲ್ಲಿ ಮದುವೆಯಾಗುವ ಎಷ್ಟೋ ಜೋಡಿಗಳಿಗೆ ಆ ಮೂವತ್ತು ದಿನ ಅಂದರೆ ಜೀವ ಕೈಯಲ್ಲಿ ಹಿಡಿದು ಕಾಯುವ ದಿನಗಳು. ಒಬ್ಬರನ್ನು ಕಾಪಾಡಲು ಬರೆದ ನಿಯಮ ಇನ್ನೊಬ್ಬರನ್ನು ನೋಯಿಸಬಹುದು. ಅದಕ್ಕೇ ಇರಬೇಕು, ಚರ್ಚಿನ ಕಾನೂನಿನಲ್ಲಿ ವಿನಾಯಿತಿ ಅನ್ನುವ ಒಂದು ಇಡೀ ಅಧ್ಯಾಯವೇ ಇದೆ. ದೇವರ ಆಜ್ಞೆಗೆ ವಿನಾಯಿತಿ ಇಲ್ಲ, ಕೊಲೆ ಮಾಡಬೇಡ ಅನ್ನುವುದಕ್ಕೆ ಯಾವ ಧರ್ಮಾಧ್ಯಕ್ಷರೂ ರಿಯಾಯಿತಿ ಕೊಡಲಾರರು. ಆದರೆ ಧರ್ಮಸಭೆ ತಾನೇ ಮಾಡಿಕೊಂಡ ಕಟ್ಟಳೆಯನ್ನು ಸರಿಯಾದ ಕಾರಣವಿದ್ದರೆ ಒಬ್ಬರ ಮಟ್ಟಿಗೆ ಸಡಿಲಿಸಬಹುದು. ಇಡೀ ಸಂಹಿತೆಯ ಕೊನೆಯ ವಿಧಿ, 1752ನೆಯದು, ಆತ್ಮಗಳ ಉದ್ಧಾರವೇ ಎಲ್ಲಕ್ಕಿಂತ ಮೇಲಿನ ಕಾನೂನು ಅನ್ನುವ ಅರ್ಥದ ಮಾತಿನಿಂದ ಮುಗಿಯುತ್ತದೆ. ಸಬ್ಬತ್ ದಿನ ಹಸಿದು ತೆನೆ ಕಿತ್ತು ತಿಂದ ಶಿಷ್ಯರ ಪರವಾಗಿ ಯೇಸು ವಾದಿಸಿದ ಕಥೆಯನ್ನು ಭಾನುವಾರದ ಪಾಠದಲ್ಲಿ ಎಷ್ಟು ಸಲ ಕೇಳಿದ್ದೆನೋ. ಅದು ನಮ್ಮ ಮನೆಗೂ ಸೇರಿದ ಕಥೆ ಅಂತ ಅನ್ನಿಸಿರಲಿಲ್ಲ.

ಮೈಸೂರಿನವರಿಗೆಲ್ಲ ಕಣ್ಣೆದುರೇ ಇನ್ನೊಂದು ಉದಾಹರಣೆ ಇದೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ ನಮ್ಮ ಸೇಂಟ್ ಫಿಲೋಮಿನಾ ಚರ್ಚ್. 1961ರಲ್ಲಿ ರೋಮ್, ಸಂತ ಫಿಲೋಮಿನಾಳ ಚರಿತ್ರೆಗೆ ಸಾಕಷ್ಟು ಆಧಾರವಿಲ್ಲ ಅಂತ ಆಕೆಯ ಹಬ್ಬವನ್ನು ಪೂಜಾ ಪಂಚಾಂಗದಿಂದ ತೆಗೆಯಿತು. ಹಾಗಂತ ಆಕೆಗೆ ಪ್ರಾರ್ಥಿಸಬೇಡಿ ಅನ್ನಲಿಲ್ಲ. ಚರ್ಚಿನ ಹೆಸರಿನಲ್ಲಿ ಸಂತ ಜೋಸೆಫರೂ ಇದ್ದಾರೆ. ಆದರೆ ಅಶೋಕ ರಸ್ತೆಗೆ ಹೋಗಬೇಕಾದರೆ ಆಟೊದವರಿಗೆ 'ಫಿಲೋಮಿನಾ ಚರ್ಚ್' ಅಂತಲೇ ಹೇಳಬೇಕು. ಕೆಳಗಿನ ನೆಲಮಾಳಿಗೆಯಲ್ಲಿ ಆಕೆಯ ಪ್ರತಿಮೆಯ ಮುಂದೆ ಎಲ್ಲ ಜಾತಿ ಧರ್ಮದವರೂ ನಿಲ್ಲುತ್ತಾರೆ. ಪಂಚಾಂಗದ ನಿಯಮ ಚರಿತ್ರೆಯ ಸತ್ಯವನ್ನು ಕಾಯುತ್ತದೆ. ಜನರ ಕಣ್ಣೀರಿಗೆ ಅದು ಬೇಲಿ ಹಾಕಲಿಲ್ಲ. ಎರಡೂ ಒಂದೇ ಸೂರಿನಡಿ ಇವೆ.

ಇದೆಲ್ಲ ಓದಿಕೊಂಡು ಉತ್ಸಾಹದಲ್ಲಿ ಅಣ್ಣನ ಮನೆಗೆ ಹೋದೆ. ಅವನು ಎಲ್ಲ ಕೇಳಿಸಿಕೊಂಡ. 'ಇದು ಅಪ್ಪನಿಗೆ ಗೊತ್ತಿದ್ದಿದ್ರೆ?' ಅಂದ. ಆಮೇಲೆ ಎದ್ದು ಬಾಲ್ಕನಿಗೆ ಹೋದ. ನಾನು, ಅತ್ತಿಗೆ ಸುಮ್ಮನೆ ಕೂತಿದ್ದೆವು. ಒಳಗೆ ಮಗು ಮಲಗಿತ್ತು.

ಫಾದರ್ ಇನ್ನೊಂದು ವಿಷಯ ಹೇಳಿದ್ದರು. ಈಗಲೂ ತಡವಾಗಿಲ್ಲ, ಆಗಿಹೋದ ರಿಜಿಸ್ಟರ್ ಮದುವೆಯನ್ನೂ ಚರ್ಚು ಸಿಂಧು ಮಾಡಿಕೊಳ್ಳಬಹುದು ಅಂತ. ಅತ್ತಿಗೆಗೆ ಅದನ್ನು ಹೇಳಿದೆ.

ಅತ್ತಿಗೆ ಸೌಮ್ಯ. ಆದರೆ ಅವತ್ತು ಮುಖ ಕೆಂಪಾಯಿತು. 'ಅಂದ್ರೆ ಇಷ್ಟು ವರ್ಷ ನಾವು ಮದುವೆ ಆಗಿರಲೇ ಇಲ್ಲ ಅಂತಾನಾ? ಮತ್ತೆ ಚರ್ಚಲ್ಲಿ ಬಿಳಿ ಸೀರೆ ಉಟ್ಕೊಂಡು ಹೊಸದಾಗಿ ಮದುವೆ ಆಗ್ಬೇಕಾ? ನಮ್ಮಪ್ಪ ಅಮ್ಮ ಅವತ್ತು ಸಾಕ್ಷಿ ಹಾಕಿದ್ರು. ಆ ಸಹಿಗೆ ಬೆಲೆ ಇಲ್ವಾ?'

ಇದಕ್ಕೆ ನನಗೆ ಉತ್ತರ ಗೊತ್ತಿರಲಿಲ್ಲ. ಈ ಸಲ ಊಹೆ ಮಾಡಲಿಲ್ಲ, ಕೇಳಿಕೊಂಡು ಬರ್ತೀನಿ ಅಂದೆ.

ಫಾದರ್ 1161ರಿಂದ ಮುಂದಿನ ವಿಧಿಗಳನ್ನು ತೋರಿಸಿದರು. ಸಿಂಧು ಮಾಡಿಕೊಳ್ಳಲು ಎರಡು ದಾರಿ ಇವೆ. ಒಂದರಲ್ಲಿ ದಂಪತಿ ಒಪ್ಪಿಗೆಯನ್ನು ಹೊಸದಾಗಿ ಹೇಳಬೇಕು. ಇನ್ನೊಂದರಲ್ಲಿ ಅದು ಬೇಕಾಗಿಲ್ಲ. ಅದರ ಲ್ಯಾಟಿನ್ ಹೆಸರಿನ ಅರ್ಥ 'ಬೇರಿನಲ್ಲೇ ವಾಸಿ ಮಾಡುವುದು'. ಅವತ್ತು ರಿಜಿಸ್ಟ್ರಾರ್ ಆಫೀಸಿನಲ್ಲಿ ಇಬ್ಬರೂ ಹೇಳಿದ ಒಪ್ಪಿಗೆ ನಿಜವಾದ ಒಪ್ಪಿಗೆಯೇ, ಅದು ಇವತ್ತಿಗೂ ಹಾಗೇ ಉಳಿದಿದೆ ಅಂತ ಧರ್ಮಾಧ್ಯಕ್ಷರು ಮನಗಂಡರೆ, ಕೊರತೆಯಿದ್ದುದನ್ನು ತಮ್ಮ ಕಡೆಯಿಂದ ತುಂಬಿಕೊಡುತ್ತಾರೆ. ಅದರ ಫಲ ಮದುವೆಯ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಇವತ್ತು ಹಾಕಿದ ಪ್ಯಾಚ್ ಹಳೆಯ ಎಂಟ್ರಿಗಳಿಗೂ ಅನ್ವಯಿಸುತ್ತೆ.

ಅತ್ತಿಗೆಗೆ ಅದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಹಾಗಾದ್ರೆ ಅವತ್ತಿನದ್ದೇ ಮದುವೆ' ಅಂದರು. 'ಹೌದು, ಅವತ್ತಿನದ್ದೇ' ಅಂದೆ.

ಎಲ್ಲ ಇಲ್ಲಿಗೇ ಸುಖಾಂತ ಆಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಇನ್ನೊಂದು ಷರತ್ತು ಇದೆ, 1125ನೇ ವಿಧಿ. ಕ್ಯಾಥೊಲಿಕ್ ಆದವರು ತಮ್ಮ ನಂಬಿಕೆ ಬಿಡುವುದಿಲ್ಲ, ಮಕ್ಕಳಿಗೆ ಕ್ಯಾಥೊಲಿಕ್ ಧರ್ಮಸಭೆಯಲ್ಲಿ ದೀಕ್ಷಾಸ್ನಾನ ಕೊಡಿಸಿ ಬೆಳೆಸಲು ತಮ್ಮ ಕೈಲಾದಷ್ಟು ಪ್ರಯತ್ನಿಸುತ್ತೇನೆ ಅಂತ ಮಾತು ಕೊಡಬೇಕು. ಮಾತು ಕೊಡಬೇಕಾದ್ದು ಅಣ್ಣ ಮಾತ್ರ. ಅತ್ತಿಗೆ ಏನೂ ಮಾತು ಕೊಡಬೇಕಿಲ್ಲ, ಆದರೆ ಅಣ್ಣ ಹೀಗೆ ಮಾತು ಕೊಟ್ಟಿದ್ದಾನೆ ಅನ್ನೋದು ಅವರಿಗೆ ಮೊದಲೇ ಗೊತ್ತಿರಬೇಕು.

'ಮಗಳ ವಿಷಯ ನಾವಿಬ್ರೂ ಸೇರಿ ತೀರ್ಮಾನ ಮಾಡೋದು' ಅಂದರು ಅತ್ತಿಗೆ. ಅದು ನ್ಯಾಯವಾದ ಮಾತು. ಆ ಷರತ್ತು ನನಗೂ ಪೂರ್ತಿ ಸಮಾಧಾನ ಕೊಟ್ಟಿಲ್ಲ. ನಂಬಿಕೆ ಅನ್ನುವುದು ಮನೆಯಲ್ಲಿ ಮುಂದಿನ ತಲೆಮಾರಿಗೆ ದಾಟಬೇಕು ಅನ್ನುವ ಉದ್ದೇಶ ಅರ್ಥವಾಗುತ್ತದೆ. ಅಪ್ಪ ನಮ್ಮನ್ನು ಹತ್ತು ನಿಮಿಷ ಮೊದಲೇ ಬೆಂಚಿಗೆ ಕರೆದುಕೊಂಡು ಹೋಗದಿದ್ದರೆ ನಾನು ಇವತ್ತು ಇದನ್ನೆಲ್ಲ ಬರೆಯುತ್ತಿರಲಿಲ್ಲ. ಆದರೆ ಅತ್ತಿಗೆಯ ಅಪ್ಪ ಅಮ್ಮನೂ ಅವರನ್ನು ಹಾಗೇ ಕೈ ಹಿಡಿದು ಚಾಮುಂಡಿಬೆಟ್ಟ ಹತ್ತಿಸಿದ್ದಾರಲ್ಲ? ಫಾದರ್‌ಗೆ ಇದನ್ನೂ ಕೇಳಿದೆ. 'ಕೈಲಾದಷ್ಟು ಅಂತ ಬರೆದಿರೋದು ಸುಮ್ಮನೆ ಅಲ್ಲಮ್ಮ. ಸಂಸಾರ ಒಡೆದು ಮಾಡು ಅಂತ ಯಾರೂ ಹೇಳಲ್ಲ. ಆದ್ರೆ ನಿಮ್ಮಣ್ಣ ಸುಳ್ಳು ಮಾತು ಕೊಡೋದು ಬೇಡ. ಯೋಚನೆ ಮಾಡಿ ಬರಲಿ' ಅಂದರು.

ಅಣ್ಣ ಯೋಚನೆ ಮಾಡಿದ. ಇಬ್ಬರೂ ಮಾಡಿದರು. ಒಂದು ಸಂಜೆ ಅತ್ತಿಗೆ ತಾವಾಗಿಯೇ ಫಾದರನ್ನು ನೋಡಲು ಬಂದರು. ಒಂದೂವರೆ ಗಂಟೆ ಮಾತಾಡಿದರು. ನಾನು ಹೊರಗೆ ಮಗುವನ್ನು ಆಡಿಸುತ್ತಿದ್ದೆ. ಏನು ಮಾತಾಡಿದರು ಅಂತ ಕೇಳಲಿಲ್ಲ, ಅದು ಅವರ ಸಂಸಾರದ ವಿಷಯ. ಹೊರಗೆ ಬಂದು ಅತ್ತಿಗೆ ಇಷ್ಟೇ ಹೇಳಿದರು, 'ಯಾರೋ ಒಬ್ರು ನನ್ನನ್ನೂ ಕೂರಿಸಿ ಕೇಳಿದ್ರಲ್ಲ, ಅದು ಒಳ್ಳೇದಾಯ್ತು.'

ಜೂನ್ 13ಕ್ಕೆ ದೋರನಹಳ್ಳಿಯಲ್ಲಿ ಸಂತ ಅಂತೋಣಿಯವರ ಹಬ್ಬ. ಅಪ್ಪ ಒಂದು ವರ್ಷವೂ ತಪ್ಪಿಸಿದವರಲ್ಲ. ಈ ಸಲ ಅಪ್ಪನ ಬದಲು ನಾವೆಲ್ಲ ಹೋದೆವು: ಅಮ್ಮ, ನಾನು, ಅಣ್ಣ, ಅತ್ತಿಗೆ, ಮಗು. ಆ ಜನಜಂಗುಳಿಯಲ್ಲಿ ಯಾರು ಕ್ಯಾಥೊಲಿಕ್, ಯಾರು ಅಲ್ಲ ಅಂತ ಹೇಳೋಕೇ ಆಗಲ್ಲ. ಹರಕೆ ಹೊತ್ತವರು, ಮೊಂಬತ್ತಿ ಹಿಡಿದವರು, ಮಲ್ಲಿಗೆ ಮುಡಿದವರು, ಕುಂಕುಮ ಇಟ್ಟವರು. ಅತ್ತಿಗೆ ಅಲ್ಲಿ ನನಗಿಂತ ಆರಾಮಾಗಿದ್ದರು. ಅದಾದ ಮರುವಾರ ಅಣ್ಣ ಅರ್ಜಿ ಕೊಟ್ಟ. ಅತ್ತಿಗೆಯೂ ಓದಿ ನೋಡಿದ ಮೇಲೆಯೇ ಕೊಟ್ಟಿದ್ದು.

ಉತ್ತರ ಇನ್ನೂ ಬಂದಿಲ್ಲ. ಕಾಗದ ಪತ್ರ ಅಂದರೆ ಎಲ್ಲ ಕಡೆಯೂ ನಿಧಾನವೇ. ಹೋದ ಭಾನುವಾರ ಪರಮಪ್ರಸಾದದ ಹೊತ್ತಿಗೆ ಅಣ್ಣ ಮತ್ತೆ ಕಾಲು ಒಳಗೆ ಎಳೆದುಕೊಂಡು ನಮಗೆ ದಾರಿ ಬಿಟ್ಟ. ಆದರೆ ಈ ಸಲ ತಲೆ ತಗ್ಗಿಸಿರಲಿಲ್ಲ. ಮಗು ಅಜ್ಜಿಯ ಕೈ ಹಿಡಿದು ಸಾಲಿನಲ್ಲಿ ಹೋಗಿ, ಫಾದರ್ ಹತ್ತಿರ ಹಣೆಗೆ ಶಿಲುಬೆಯ ಗುರುತು ಹಾಕಿಸಿಕೊಂಡು, ಓಡಿ ಬಂದು ಅಪ್ಪನ ತೊಡೆ ಮೇಲೆ ಕೂತಿತು.

ಮೊನ್ನೆ ಅಪ್ಪನ ಟ್ರಂಕು ತೆಗೆದು ಜೋಡಿಸುತ್ತಿದ್ದೆ. ಹಳೆಯ ರೈಲ್ವೆ ರೂಲ್ ಬುಕ್ ಸಿಕ್ಕಿತು. ಪುಟಪುಟದಲ್ಲೂ ನೀಲಿ ಪೆನ್ನಿನ ಗೆರೆಗಳು, ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು, ಯಾರನ್ನು ಕೇಳಿದೆ, ಏನು ಹೇಳಿದರು ಅಂತ ಸಣ್ಣ ಅಕ್ಷರದ ಟಿಪ್ಪಣಿ. ಅದರ ಕೆಳಗೇ ಧರ್ಮೋಪದೇಶದ ಪುಸ್ತಕ ಇತ್ತು. ಅದರಲ್ಲಿ ಒಂದು ಗೆರೆಯೂ ಇರಲಿಲ್ಲ, ಒಂದು ಪ್ರಶ್ನೆಯೂ ಇರಲಿಲ್ಲ. ದೇವರ ವಿಷಯದಲ್ಲಿ ಪ್ರಶ್ನೆ ಕೇಳೋದು ಅಗೌರವ ಅಂತ ಅಪ್ಪ ತಿಳಿದಿದ್ದರು ಅನ್ನಿಸುತ್ತೆ. ರೈಲಿನ ವಿಷಯದಲ್ಲಿ ಕೇಳಿದ ಹಾಗೆ ಇಲ್ಲೂ ಒಂದು ಸಲ, ಯಾರನ್ನಾದರೂ, 'ಇದು ನಿಜವಾ, ಯಾಕೆ ಹೀಗೆ, ಬೇರೆ ದಾರಿ ಇದೆಯಾ' ಅಂತ ಕೇಳಿದ್ದರೆ ಮೊಮ್ಮಗಳನ್ನು ಎತ್ತಿಕೊಳ್ಳುತ್ತಿದ್ದರು.

ನಿಮ್ಮ ಮನೆಯಲ್ಲೂ ಇಂಥ ಒಂದು ನಿಯಮ ಇರಬಹುದು. ಯಾವ ಧರ್ಮದವರೇ ಆಗಿರಿ, ಎಲ್ಲರೂ ಹೆದರುವ, ಯಾರೂ ಓದಿಲ್ಲದ ನಿಯಮ. ಅದನ್ನು ಮುರಿಯಿರಿ ಅಂತಾಗಲಿ, ಪಾಲಿಸಿ ಅಂತಾಗಲಿ ನಾನು ಹೇಳುವುದಿಲ್ಲ. ಅಪ್ಪ ಅಮ್ಮ ಇರುವಾಗಲೇ, ಅವರ ಜೊತೆಗೇ ಹೋಗಿ, ತಿಳಿದವರನ್ನು ಒಂದು ಸಲ ಕೇಳಿ. ನಾವು ಏಳನೇ ದಿನದ ಪೂಜೆ ಮುಗಿದ ಮೇಲೆ ಹೋದೆವು.